ವರನ ಪಹಣಿ ತೆಗೆಸಿದ್ದು

ಗಂಡಸರ ಮನಸ್ಸಿನಲ್ಲಿ ಏನಿದೆಯೋ ತಿಳಿಯುವುದೇ ಇಲ್ಲ ಎಂದು ಹೆಂಗಸರು ಹೇಳಿದಾಗೆಲ್ಲ ನನಗೆ ಸಂಕೋಚವಾಗುತ್ತದೆ. ತಿಳಿಯದಿರುವಷ್ಟು ಅಲ್ಲಿ ಏನೂ ಇರುವುದಿಲ್ಲ. ನಲವತ್ತೊಂದು ವರ್ಷದಿಂದ ಒಳಗೇ ಇದ್ದು ನೋಡಿದವನು ನಾನು. ಮೆಚ್ಚಿದ ಹೆಣ್ಣಿನ ಹತ್ತಿರ ನಾಲ್ಕು ಮಾತಾಡುವುದಕ್ಕಿಂತ ಒಂದು ಕೆಲಸ ಮಾಡಿಕೊಟ್ಟರೆ ಸಾಕು, ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ ಎಂದು ನಾವು ನಂಬಿರುತ್ತೇವೆ. ಯಾವ ಕೆಲಸ ಎಂದು ಯೋಚಿಸುವ ಅಭ್ಯಾಸ ಮಾತ್ರ ಇಲ್ಲ.

ನನ್ನ ಮನೆ ಶಿಕಾರಿಪುರ, ಜಮೀನು ಅಳೆಯುವ ಸರ್ವೆ ಕೆಲಸ ಸೊರಬದಲ್ಲಿ. ದಿನಾ ಬೆಳಿಗ್ಗೆ ಎಂಟರ ಬಸ್ಸು. ಅದೇ ಬಸ್ಸಿಗೆ ಶೈಲಾ ಟೀಚರ್ ಬರುತ್ತಿದ್ದರು; ಸೊರಬದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು. ಬಸ್ಸು ಸ್ಟ್ಯಾಂಡಿಗೆ ತಿರುಗುವಷ್ಟರಲ್ಲಿ ನಾನು ಓಡಿಹೋಗಿ, ಕಿಟಕಿಯೊಳಗೆ ಕರ್ಚೀಫು ಎಸೆದು ಅವರಿಗೆ ಸೀಟು ಹಿಡಿಯುತ್ತಿದ್ದೆ. ಅವರು ಅದನ್ನು ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟು ಕೂರುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಜ್ವರ ಬಂದ ದಿನವೂ ಸ್ಟ್ಯಾಂಡಿಗೆ ಹೋಗಿ, ಸೀಟು ಹಿಡಿದುಕೊಟ್ಟು, ಮನೆಗೆ ಬಂದು ಮಲಗಿದ್ದೇನೆ. ಪ್ರೀತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ ಎಂದು ನನ್ನ ವಾದ. ಆ ಸ್ಟ್ಯಾಂಡಿನಲ್ಲಿ ಕರ್ಚೀಫು ಎಸೆಯುವವರು ಇನ್ನೂ ಇಪ್ಪತ್ತು ಜನರಿದ್ದರು, ಅದು ನನಗೆ ಹೊಳೆದಿರಲಿಲ್ಲ.

ಒಂದು ಶುಕ್ರವಾರ ಶಿರಾಳಕೊಪ್ಪ ದಾಟಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ, "ಮನ್ಯಾಗ ಗಂಡು ನೋಡ್ಯಾರ್ರೀ ಸರ್. ಕುಪ್ಪಗಡ್ಡೆ ಕಡೆಯೋರು. ಅಪ್ಪಾಜಿ ಹೂಂ ಅನ್ನಾಕೆ ಹೊಂಟಾರ. ನೀವೇನಂತೀರಿ?" ಎಂದರು. ನನ್ನೆದೆ ಧಸಕ್ಕೆಂದಿತು. ಆದರೂ ತಲೆ ತನ್ನ ದಾರಿಯಲ್ಲೇ ಓಡಿತು: ಇವರು ನನ್ನ ಅಭಿಪ್ರಾಯ ಕೇಳಿದ್ದಾರೆ, ಅಂದರೆ ನಂಬಿದ್ದಾರೆ, ನಂಬಿದವರಿಗೆ ಮೋಸ ಮಾಡಬಾರದು. "ಸೋಮವಾರ ಹೇಳ್ತೀನ್ರಿ ಟೀಚರ್" ಎಂದು ಗಂಡಿನ ಅಪ್ಪನ ಹೆಸರು ಕೇಳಿ ಬರೆದುಕೊಂಡೆ.

ಕಚೇರಿಗೆ ಹೋದವನೇ ವರನ ಮನೆಯವರ ಜಮೀನಿನ ಪಹಣಿ ತೆಗೆಸಿದೆ. ನಕ್ಷೆ ನೋಡಿದೆ. ಭಾನುವಾರ ಬೈಕಿನಲ್ಲಿ ಕುಪ್ಪಗಡ್ಡೆಗೇ ಹೋಗಿ, ಹೊಲದ ಗಡಿಯ ಬಾಂದು ಕಲ್ಲುಗಳನ್ನೂ ಬಿಡದೆ ನೋಡಿಬಂದೆ. ಎಲ್ಲಾದರೂ ಒಂದು ಕೊಂಕು ಸಿಗಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹಾಳಾದ್ದು, ಎಲ್ಲ ಸರಿಯಾಗಿತ್ತು. ಸೋಮವಾರ ಪಹಣಿಯ ಪ್ರತಿಯನ್ನು ಅವರ ಕೈಗಿಟ್ಟು, "ಕಣ್ಮುಚ್ಚಿ ಒಪ್ಪಬಹುದು ನೋಡ್ರಿ. ತಂಟೆ ತಕರಾರಿಲ್ಲದ ಜಮೀನು" ಎಂದೆ. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಭಾಳ ಚಲೋ ಕೆಲಸ ಮಾಡಿದ್ರಿ" ಎಂದರು. ನಾನು ಹಿಗ್ಗಿದೆ. ಮಾರನೆಯ ದಿನದಿಂದ ಅವರು ಏಳೂವರೆಯ ಬಸ್ಸಿಗೆ ಹೋಗತೊಡಗಿದರು.

ತಿಂಗಳಾದ ಮೇಲೆ ಈ ಕಥೆಯನ್ನು ನನ್ನ ಅಕ್ಕನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಅವಳು, "ಬ್ಯಾಡ ಅಂತ ಒಂದು ಮಾತು ಅಂತಾನೇನೋ ಅಂತ ಕೇಳ್ಯಾಳಲೋ ಆ ಹುಡುಗಿ. ನೀನು ಹೋಗಿ ಹೊಲ ನೋಡ್ಕೊಂಡು ಬಂದಿಯಲ್ಲೋ" ಎಂದಳು. ಅಷ್ಟರಲ್ಲಿ ಟೀಚರ್ ಮನೆಯಲ್ಲಿ ತಾಂಬೂಲ ಬದಲಾಯಿಸಿಕೊಂಡಾಗಿತ್ತು. ಎಂಟು ವರ್ಷವಾಯಿತು, ಅಕ್ಕನ ಮಾತು ಇನ್ನೂ ಮರೆತಿಲ್ಲ. ನಾನು ಮತ್ತೆ ಮದುವೆಯ ಗೋಜಿಗೆ ಹೋಗಲಿಲ್ಲ.

ಕಳೆದ ತಿಂಗಳು ಶೈಲಾ ತಮ್ಮ ಗಂಡನ ಜೊತೆ ನಮ್ಮ ಕಚೇರಿಗೆ ಬಂದರು. ಜಮೀನು ಅಳತೆಯ ಅರ್ಜಿ. ಗಂಡ ಒಳ್ಳೆಯ ಮನುಷ್ಯ, ಅದೂ ನನ್ನ ದುರದೃಷ್ಟವೇ. "ನೀವು ಹೇಳಿದ್ಮೇಲೇ ಇವರ ಮನೇಲಿ ಒಪ್ಪಿದ್ದಂತೆ. ದೊಡ್ಡ ಉಪಕಾರ ಆಯ್ತು ಮಾರಾಯ್ರೇ" ಎಂದು ನನ್ನ ಕೈ ಕುಲುಕಿ, ಜೆರಾಕ್ಸ್ ಮಾಡಿಸಲು ಹೊರಗೆ ಹೋದರು. ಶೈಲಾ ಮೇಜಿನ ಮುಂದೆ ನಿಂತು ಮೆಲ್ಲಗೆ, "ಆವತ್ತು ನಾನು ಪಹಣಿ ಕೇಳಿರ್ಲಿಲ್ಲ ಸರ್" ಎಂದರು.

ತಪ್ಪಾಯಿತು ಎನ್ನಬೇಕಿತ್ತು. ಎಂಟು ವರ್ಷದಿಂದ ಒಳಗೇ ಕೊಳೆಯುತ್ತಿದ್ದ ಮಾತು ಅದು. ನಾನು ಅವರ ಅರ್ಜಿಯನ್ನು ತೆಗೆದು ಕಟ್ಟಿನ ಎಲ್ಲಕ್ಕಿಂತ ಮೇಲಿಟ್ಟೆ.

"ನೀವು ಸರದಿ ಕಾಯೋದೇನೂ ಬ್ಯಾಡ್ರಿ" ಎಂದೆ. "ಬುಧವಾರ ನಾನೇ ಬಂದು ಅಳೆದುಕೊಟ್ಟು ಹೋಗ್ತೀನಿ."