ಅತ್ತೆಯ ಗುಡುಗಿನ ಪಟ್ಟಿ

ನನ್ನ ಸೋದರತ್ತೆಯಂಥ ಸ್ವಾರ್ಥಿ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ನಂಬಿಕೆ ಬರದಿದ್ದರೆ ಮಿಂಚುವಾಗ ಅವಳ ಪಕ್ಕ ನಿಂತು ನೋಡಿ.

ಮಿಂಚಿತೋ, ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಎಣಿಸತೊಡಗುತ್ತಾಳೆ. ಒಂದು, ಎರಡು ಅಂತಲ್ಲ, ಮನೆಮಂದಿಯನ್ನು! "ನಾನು... ನಮ್ಮನೆಯವ್ರು... ಅಣ್ಣ... ಅತ್ತಿಗೆ..." ಹೀಗೆ ಸೆಕೆಂಡಿಗೊಬ್ಬರಂತೆ ಹತ್ತು ಜನ. ಮೂವರು ಮುಗಿಯುವಾಗ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರು ದೂರ. ಶಿಕಾರಿಪುರದ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದಾಗ ಬಾಗಿಲ ಬಳಿ ನಿಂತು ಕಲಿತ ವಿದ್ಯೆ ಇದು. ಆದರೆ ಪಟ್ಟಿಯಲ್ಲಿ ಮೊದಲು ಯಾರು? ತಾನೇ! ಹತ್ತನೆಯವನು ಬಡಪಾಯಿ ನಾನು. "ಊಟಕ್ಕೂ ಹಿಂಗೇ ಫಸ್ಟ್ ಕೂರ್ತೀಯಾ ಅತ್ತೆ?" ಎಂದು ರೇಗಿಸಿದರೆ, "ಸುಮ್ನಿರೋ, ಪಟ್ಟಿ ನಂದು" ಅನ್ನುತ್ತಿದ್ದಳು.

ನಿವೃತ್ತಳಾಗಿ ಆನವಟ್ಟಿ ಹತ್ತಿರದ ನಮ್ಮೂರಿಗೆ ಬಂದಳು. ಊರಂಚಿಗೆ ಮೊಬೈಲ್ ಟವರ್ ಬಂದಿತ್ತು. ಅದು ಮಳೆಮೋಡ ಓಡಿಸುತ್ತದೆ ಅನ್ನುವವರು ಕೆಲವರು, ಊರಿನ ಸಿಡಿಲನ್ನೆಲ್ಲ ಅದೇ ನುಂಗುತ್ತದೆ ಅನ್ನುವವರು ಹಲವರು. ಎರಡನೇ ಪಕ್ಷಕ್ಕೆ ಪಕ್ಕದ ಹೊಲದ ಗೌಡರೇ ಮುಖಂಡರು.

"ಗೌಡ್ರೇ, ಮೋಡ ತರಾದು, ಓಡ್ಸಾದು ಅದ್ರ ಅಪ್ಪನ ಕೈಲೂ ಆಗಲ್ಲ. ಎತ್ತರಕ್ಕೈತೆ, ಸಿಕ್ಕಿದ ಸಿಡಿಲು ಹಿಡ್ಕಂತೈತೆ. ಸಿಗದಿದ್ದು ನಿಮ್ಮನ್ನ ಕೇಳಿ ಬೀಳ್ತೈತಾ?"

ಅತ್ತೆ ಹೀಗಂದಾಗಲೆಲ್ಲ ಗೌಡರು ನಕ್ಕುಬಿಡುತ್ತಿದ್ದರು.

ಈ ಸಲ ಮೇ ತಿಂಗಳ ಒಂದು ಮಧ್ಯಾಹ್ನ, ಅವರ ಹೊಲದಲ್ಲಿ ಶುಂಠಿ ನಾಟಿ. ಹನಿ ಬಿದ್ದದ್ದೇ ಎಂಟು ಹೆಂಗಸರು, ಗೌಡರು ಎಲ್ಲ ಟವರಿನ ಆಚೆಯ ಮಾವಿನಮರದಡಿ ಸೇರಿದರು. ನಮ್ಮ ಜಗಲಿಯಿಂದ ಅತ್ತೆ ನೋಡುತ್ತಲೇ ಇದ್ದಳು. ಮಿಂಚಿತು. ಅತ್ತಿಗೆಯ ಸರದಿ ಬರುವಷ್ಟರಲ್ಲಿ ಗುಡುಗು! ಅತ್ತೆ ಸ್ಟೀಲ್ ತಟ್ಟೆ, ಸೌಟು ಹಿಡಿದು ಬಡಿಯುತ್ತಾ ಹೊಲಕ್ಕೆ ಓಡಿದಳು. ಹಿಂದೆ ನಾನು, ಕೊಡೆ ಬಿಚ್ಚಿಕೊಂಡು.

"ಕೊಡೆ ಬಿಸಾಕೋ! ನೀನೇನು ಟವರಾ?"

ಹೆಂಗಸರು ತಟ್ಟೆಯ ಸದ್ದಿಗೇ ಎದ್ದರು. ಗೌಡರು ಅಲುಗಲಿಲ್ಲ. "ಟವರ್ ಐತಲ್ಲ, ಬಿಡ್ರೀ ಅಕ್ಕೋರೇ."

"ಟವರ್ ಏನು ನಿಮ್ಮ ಮಾವನ ಮಗನಾ?" ಎಂದವಳೇ ಅವರ ಹೆಗಲ ಟವೆಲ್ ಹಿಡಿದು ಎಳೆದಳು. ಟವೆಲ್ ಬಿಡಲಾರದೆ ಗೌಡರೂ ಬಂದರು!

ಎಲ್ಲರೂ ಹೊಲದಾಚೆಯ ಶಾಲೆಯೊಳಗೆ ನುಗ್ಗಿದೆವು. ಮರುಕ್ಷಣವೇ ಟವರಿಗೆ ಸಿಡಿಲು. ಗೌಡರು ಕುಣಿದಾಡಿದರು: "ನೋಡ್ರಿ, ನುಂಗ್ತು!"

ಮತ್ತೆ ಮಿಂಚು. "ನಾ—" ಅಂದಳು ಅತ್ತೆ, ಅಷ್ಟೇ. ಕಟ್ಟಡ ನಡುಗಿತು. ಮಾವಿನಮರ ಎರಡು ಸೀಳಾಗಿ ಹೊಗೆಯಾಡುತ್ತಿತ್ತು.

ಆಮೇಲೆ ಹೆಂಗಸರು "ನಮ್ಮವ್ವ!" ಎಂದು ಅತ್ತೆಯನ್ನು ಅನಾಮತ್ತಾಗಿ ಎತ್ತಿಬಿಟ್ಟರು. ಗೌಡರು ಅದೇ ಒದ್ದೆ ಟವೆಲನ್ನು ಶಾಲಿನಂತೆ ಹೊದಿಸಿ ಕೈಮುಗಿದರು. ನಮ್ಮೂರಲ್ಲಿ ಭಾಷಣವಿಲ್ಲದೆ ನಡೆದ ಏಕೈಕ ಸನ್ಮಾನ!

ಗಲಾಟೆಯ ನಡುವೆ ಕೇಳಿದೆ: "ಇವತ್ತಾದ್ರೂ ಹೇಳು ಅತ್ತೆ, ಪಟ್ಟೀಲಿ ನೀನೇ ಯಾಕೆ ಫಸ್ಟು?"

"ಹತ್ರ ಬೀಳಾದು ಮೊದ್ಲನೇರ ಪಾಲಿಗೇ ಅಲ್ವೇನೋ? ನೀನು ಎಲ್ರಿಗಿಂತ ಸಣ್ಣೋನು. ಎಲ್ರಿಗಿಂತ ದೂರದ ಜಾಗ ನಿಂಗಿಟ್ಟೆ."

ಹೊರಗೆ ಮತ್ತೆ ಮಿಂಚಿತು. ಈ ಸಲ ಅವಳಿಗಿಂತ ಮೊದಲೇ ನಾನು ಎಣಿಸಲು ಶುರುಮಾಡಿದೆ: "ನಾನು..."

ಅತ್ತೆ ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸುಮ್ನಿರೋ, ಪಟ್ಟಿ ನಂದು."