ಕೀಬೋರ್ಡು ಅವಳದು, ಮೌಸು ನನ್ನದು

ಮನೆಗೆ ಕಂಪ್ಯೂಟರ್ ಬಂದ ಮೇಲೆ ನಮ್ಮಲ್ಲಿ ಟಿ.ವಿ. ಹಚ್ಚುವವರೇ ಇಲ್ಲ, ನಗುವುದಕ್ಕೆ ಬೇಕಾದದ್ದೆಲ್ಲ ಆ ಮೇಜಿನ ಮುಂದೆಯೇ ನಡೆಯುತ್ತದೆ. ನಾನು ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಕಂಪ್ಯೂಟರ್ ಪರೀಕ್ಷೆ ಪಾಸಾಗದೆ ಬಡ್ತಿ ಇಲ್ಲ ಎಂದು ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರಿಂದ, ಶಹಾಪುರದ ನಮ್ಮ ಮನೆಗೆ ಹಳೆಯದೊಂದು ಕಂಪ್ಯೂಟರ್ ತಂದೆ. ಕಲಿಯಬೇಕಾದವನು ನಾನು. ಹುಚ್ಚು ಹಿಡಿದದ್ದು ಹೆಂಡತಿಗೂ! ದಿನಾ ಕುರ್ಚಿಗಾಗಿ ಜಗಳ. ಕೊನೆಗೆ ಅವಳೇ ಪಂಚಾಯಿತಿ ಮಾಡಿದಳು: "ಕೀಬೋರ್ಡ್ ನಂದು, ಮೌಸ್ ನಿಮ್ದು. ಒಬ್ಬರ ಪಾಲಿಗೆ ಒಬ್ಬರು ಕೈ ಹಾಕಂಗಿಲ್ಲ."

ಮಾಯವಾದ ಮಾಸ್ತರರು

ಕಲಿಸಲು ವಿಡಿಯೋದ ಮಾಸ್ತರರಿದ್ದರು. ಪುಕ್ಕಟೆ ಪಾಠ, ಅದೂ ಕನ್ನಡದಲ್ಲಿ! ಒಂದು ದಿನ ಅವರು, "ಈಗ ಆಲ್ಟ್ ಹಿಡಿದು ಎಫ್ ಫೋರ್ ಒತ್ತಿ. ಆಮೇಲೆ ಬಹಳ ಮುಖ್ಯವಾದದ್ದೊಂದು ಹೇಳುತ್ತೇನೆ" ಎಂದರು. ಹೆಂಡತಿ ಒತ್ತಿದಳು. ಮಾಸ್ತರರೇ ಮಾಯ! ಮತ್ತೆ ಮೊದಲಿನಿಂದ ಹಚ್ಚಿದೆವು. ಅವರು ಒತ್ತಿ ಎಂದರು, ಇವಳು ಒತ್ತಿದಳು, ಅವರು ಹೋದರು. ತೆರೆದದ್ದನ್ನು ಮುಚ್ಚುವುದೇ ಆ ಗುಂಡಿಗಳ ಕೆಲಸ ಎಂದು ನನಗೆ ಹೊಳೆಯುವಷ್ಟರಲ್ಲಿ ಸಾಕುಸಾಕಾಗಿತ್ತು.

"ಒತ್ತಬ್ಯಾಡ, ಸುಮ್ನ ಕೇಳು" ಎಂದೆ.

"ಮಾಸ್ತರ್ ಹೇಳಿದ ಮ್ಯಾಲೂ ಸುಮ್ನ ಕುಂದ್ರಾಕ ನಾ ಏನು ನಿಮ್ಮಂಗ ಹಿಂದಿನ ಬೆಂಚಿನಾಕಿ ಅಲ್ರಿ!"

ಗೋಗಿಯ ಮಲಗಿದ ಪರದೆ

ಅಷ್ಟಿಷ್ಟು ಕಲಿತದ್ದೇ ತಡ, ನಮ್ಮ ಹೆಸರು ಗೋಗಿಯವರೆಗೂ ಹೋಯಿತು. ಅಲ್ಲಿನ ನಿವೃತ್ತ ಹೆಡ್‌ಮಾಸ್ತರರು ತಮ್ಮ ಕಂಪ್ಯೂಟರಿಗೆ ಕನ್ನಡ ಟೈಪಿಂಗ್ ಹಾಕಿಕೊಡಲು ಕರೆದರು. ಒಬ್ಬರೇ ಹೋದರೆ ಅರ್ಧ ಕೆಲಸ ತಾನೆ? ಇಬ್ಬರೂ ಬೈಕ್ ಏರಿದೆವು.

ಹೋಗಿ ನೋಡಿದರೆ ಮಾನಿಟರ್ ಮಗ್ಗುಲಾಗಿ ಮಲಗಿದೆ, ಜಾರದಂತೆ ಇಟ್ಟಿಗೆಯ ಆಸರೆ ಬೇರೆ. ಎಂದೋ ಯಾವುದೋ ಗುಂಡಿಗೆ ಕೈ ತಾಗಿ ಪರದೆಯ ಚಿತ್ರ ಅಡ್ಡ ತಿರುಗಿತ್ತಂತೆ. ಅವರು ಮಾನಿಟರನ್ನೇ ಅಡ್ಡ ಮಲಗಿಸಿ ಲೆಕ್ಕ ಸರಿ ಮಾಡಿಕೊಂಡಿದ್ದರು! ಹೆಂಡತಿಗೆ ತಡೆಯಲಾಗಲಿಲ್ಲ. ಕಂಟ್ರೋಲ್, ಆಲ್ಟ್ ಹಿಡಿದು ಮೇಲಿನ ಬಾಣದ ಗುಂಡಿ ಒತ್ತಿಯೇಬಿಟ್ಟಳು. ಚಿತ್ರ ತಿರುಗಿ ತನ್ನ ಮೊದಲಿನ ಜಾಗಕ್ಕೆ ಬಂತು. ಮಾನಿಟರ್ ಮಾತ್ರ ಮಲಗಿಯೇ ಇತ್ತು.

ಹೆಡ್‌ಮಾಸ್ತರರು ಕತ್ತು ವಾರೆ ಮಾಡಿ ನೋಡಿ, "ಅಯ್ಯ ನಮ್ಮವ್ವಾ! ಇಷ್ಟ್ ದಿನ ಚಲೋ ಇತ್ತು, ಬಂದು ಕೆಡಿಸಿಬಿಟ್ಟಿಯಲ್ಲ!" ಎಂದರು.

ತವರಿಗೆ ಹೋದ ಕೀಬೋರ್ಡು

ಪರೀಕ್ಷೆ ಹತ್ತಿರ ಬಂದಾಗಲೇ ಬಸುರಿ ತಂಗಿಯ ಕುಬಸದ ಕಾರ್ಯಕ್ಕೆಂದು ಹೆಂಡತಿ ಸುರಪುರದ ತವರಿಗೆ ಹೊರಟಳು. ಸಂಜೆ ಕಂಪ್ಯೂಟರ್ ಮುಂದೆ ಕೂತರೆ ಮೌಸೊಂದೇ ಇದೆ. ಫೋನ್ ಹಚ್ಚಿದೆ.

"ಕೀಬೋರ್ಡ್ ಎಲ್ಲದ?"

"ನನ್ನ ಬ್ಯಾಗಿನ್ಯಾಗ ಅದ. ಬೆರಳಿನ ರೂಢಿ ತಪ್ಪಬಾರದಂತ ಇಲ್ಲಿ ಬರೇ ಕೀಬೋರ್ಡ್ ಇಟ್ಕೊಂಡು ಒತ್ತಾಕತ್ತೇನಿ."

"ಮತ್ತ ನನ್ನ ಪರೀಕ್ಷಿ ಗತಿ?"

"ನಿಮ್ಮ ಪಾಲು ನಿಮ್ಮ ಹಂತ್ಯಾಕೇ ಬಿಟ್ಟು ಬಂದೇನಲ್ರಿ!"

ನನಗೂ ಹಟ ಬಂತು. ಆದರೆ ಕಂಪ್ಯೂಟರ್ ಒಳಗೆ ಬಿಡಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ, ಒತ್ತಲು ಗುಂಡಿಯೇ ಇಲ್ಲ. ಪರದೆಯ ಮೂಲೆಯಲ್ಲಿದ್ದ ಸಣ್ಣ ಸಣ್ಣ ಚಿತ್ರಗಳನ್ನೆಲ್ಲ ಮೌಸಿನಿಂದ ಒಂದೊಂದಾಗಿ ಕುಟ್ಟಿದೆ. ತಗೋ, ಪರದೆಯ ಮೇಲೆಯೇ ಇಡೀ ಕೀಬೋರ್ಡು ಎದ್ದು ಬಂತು! ಖುಷಿಗೆ ಕುರ್ಚಿ ಬಿಟ್ಟೆದ್ದು ಕುಣಿದೆ. ಮೌಸಿನಿಂದಲೇ ಅಕ್ಷರಕ್ಕೆ ಅಕ್ಷರ ಕುಟ್ಟಿ ಅರ್ಜಿ, ಪತ್ರ ಎಲ್ಲ ಬರೆಯಲು ಕಲಿತೆ.

ಯಾದಗಿರಿಯ ಪರೀಕ್ಷೆ

ಪರೀಕ್ಷೆಯ ಕೋಣೆಯ ತುಂಬ ಟಕಟಕ ಸದ್ದು. ಅಲ್ಲಿಯೂ ಪರದೆಯ ಕೀಬೋರ್ಡನ್ನೇ ತೆರೆದುಕೊಂಡಿದ್ದ ನನ್ನ ಕಡೆಯಿಂದ ಮಾತ್ರ ಟಿಕ್... ಟಿಕ್... ಮೇಲ್ವಿಚಾರಕರು ಹಿಂದೆ ಬಂದು ನಿಂತರು.

"ಏನ್ರಿ, ಕೀಬೋರ್ಡ್ ಕೆಟ್ಟದೇನು? ಬ್ಯಾರೆ ಕೊಡ್ಲೇನು?"

"ಬ್ಯಾಡ್ರಿ ಸರ್, ಚಲೋ ಅದ. ಅದು ನಮ್ಮ ಮನಿಯಾಕಿ ಪಾಲು, ನಾ ಮುಟ್ಟಂಗಿಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಮುಂದೆ ಹೋದರು. ಉಳಿದವರೆಲ್ಲ ಎದ್ದು ಹೋದರೂ ನಾನು ಕುಟ್ಟುತ್ತಲೇ ಇದ್ದೆ. ಕೈ ಬೆವರಿ ಮೌಸ್ ಜಾರುತ್ತಿತ್ತು. ವೇಳೆ ಮುಗಿಯುವಷ್ಟರಲ್ಲಿ ಕೊನೆಯ ಅಕ್ಷರವೂ ಬಿತ್ತು. ಫಲಿತಾಂಶ ಅಲ್ಲೇ ಪರದೆಯ ಮೇಲೆ ಬಂತು. ಪಾಸು! ಹೊರಗೆ ಓಡಿ ಬಂದು ಸುರಪುರಕ್ಕೆ ಫೋನ್ ಹಚ್ಚಿದೆ.

"ಪಾಸಾದೆ! ಬರೇ ಮೌಸಿನಾಗ ಎಲ್ಲಾ ಬರದು ಪಾಸಾದೆ!"

ಆ ಕಡೆಯಿಂದ ಸಂತೋಷದ ಕೂಗು. ಸೇರಿದ್ದ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿ ಮತ್ತೆ ಫೋನಿಗೆ ಬಂದಳು.

"ಮೌಸೊಂದೇ ಸಾಕಾಗ್ತದೇನ್ರಿ?"

"ಸಾಕಾಗ್ತದ!" ಎಂದೆ, ಮೀಸೆ ತಿರುವುತ್ತಾ.

"ಹಂಗಾದ್ರ ಕೀಬೋರ್ಡ್ ಇಲ್ಲೇ ತಂಗಿಗೆ ಕೊಟ್ಟು ಬರ್ತೇನಿ. ನಾಳಿಂದ ಮೌಸ್ ನಂದು."