ದಣಿವು ಅಳೆಯುವ ಪಟ್ಟಿ

ಯಂತ್ರವನ್ನು ಪರೀಕ್ಷೆ ಮಾಡಲು ಹೋದವರನ್ನು ಜನ ಪರೀಕ್ಷೆ ಮಾಡಿ ಕಳಿಸುವುದು ನನ್ನ ನೌಕರಿಯಲ್ಲಿ ಮಾಮೂಲು. ನಾನು ಹುಬ್ಬಳ್ಳಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ನಮ್ಮ ಸರ್ ಒಂದು ಪಟ್ಟಿ ತಯಾರಿಸಿದ್ದರು. ಅದನ್ನು ತೋಳಿಗೆ ಕಟ್ಟಿಕೊಂಡು ದುಡಿದರೆ ನಾಡಿ, ಬೆವರು, ಮೈಬಿಸಿ ನೋಡಿ ಎಷ್ಟು ದಣಿವಾಗಿದೆ ಎಂದು ಹೇಳುತ್ತದೆ. ಮಿತಿ ಮೀರಿದರೆ ಕುಂಯ್ ಎನ್ನುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ. ಹಳ್ಳಿಗೆ ಹೋಗಿ ಪರೀಕ್ಷಿಸಿ ಬರುವ ಕೆಲಸ ನನಗೆ. ಪಟ್ಟಿ ಸುಳ್ಳು ಹೇಳಿದರೆ ಯೋಜನೆಯೂ ಹೋಯಿತು, ನನ್ನ ನೌಕರಿಯೂ ಹೋಯಿತು.

ಅತ್ತೆಯ ತೋಳು

ನವಲಗುಂದದ ಹತ್ತಿರ ಹತ್ತಿ ಬಿಡಿಸುವ ಹೆಣ್ಣುಮಗಳೊಬ್ಬಳಿಗೆ ಬೆಳಿಗ್ಗೆ ಪಟ್ಟಿ ಕಟ್ಟಿ ಹೋದೆ. ಸಂಜೆ ಬಂದು ನೋಡಿದರೆ ಪಟ್ಟಿಯಲ್ಲಿ "ದಿನವಿಡೀ ವಿಶ್ರಾಂತಿ" ಎಂದಿತ್ತು. ಅವಳನ್ನೇ ಕೇಳಿದೆ.

"ನಡುವ ಪಟ್ಟಿ ಬಿಚ್ಚಿದ್ದೇನವಾ?"

"ನಮ್ಮ ಅತ್ತಿ ತೋಳಿಗೆ ಕಟ್ಟಿದ್ನಿರಿ. ದಣಿವು ನೋಡತೈತಿ ಅಂದ್ರಲ್ಲ, ನಮ್ಮನ್ಯಾಗ ದಿನಾ ದಣದೆ ದಣದೆ ಅನ್ನಾಕಿ ಆಕೀನ."

ಅತ್ತೆ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದರು. ನಾಳೆ ನೀನೇ ಕಟ್ಟಿಕೋ ಎಂದು ನಾನು ತಿಳಿಹೇಳಿದೆ. ಅವಳು ದನಿ ತಗ್ಗಿಸಿದಳು. "ಆತ್ರಿ. ಆದ್ರ ಇವತ್ತ ಬಂದೈತಲ್ಲ, ಅದನ್ನ ಒಂದ್ ಕಾಗದದ ಮ್ಯಾಲ ಬರದು ಶಿಕ್ಕಾ ಹೊಡದು ಕೊಡ್ರಿ."

ಬಾಯಿ ಮುಚ್ಚುವ ಗುಂಡಿ

ಅಣ್ಣಿಗೇರಿಯಲ್ಲಿ ಹಿರಿಯ ಹಮಾಲರೊಬ್ಬರಿಗೆ ಕಟ್ಟಿ, "ಕುಂಯ್ ಅಂದಾಗ ಕೂಡ್ರಿ" ಎಂದೆ. ಕಡಲೆ ಚೀಲ ಹೊತ್ತು ಲಾರಿ ಹತ್ತುವಾಗ ಕುಂಯ್ ಅಂದಿತು. ಅವರು ಚೀಲ ಇಳಿಸಿ, ಕೂತು, ತಂಬಾಕು ತಿಕ್ಕತೊಡಗಿದರು.

"ಯಾಕ, ಏನಾತು?" ದಲಾಲಿ ಅಂಗಡಿಯ ಮಾಲೀಕರು ಒಳಗಿಂದ ಕೇಳಿದರು.

"ಮಷೀನ ಕುಂದ್ರಂದೈತ್ರಿ."

ನಾಲ್ಕನೇ ಸಲಕ್ಕೆ ಮಾಲೀಕರು ನನ್ನ ಬಳಿಗೇ ಬಂದರು. "ಅಕ್ಕಾರ, ಇದರ ಬಾಯಿ ಮುಚ್ಚೂ ಗುಂಡಿ ಎಲ್ಲೈತ್ರಿ?"

ಸಂಜೆ ಪಟ್ಟಿ ವಾಪಸ್ ಕೇಳಿದರೆ ಹಮಾಲರು ತೋಳು ಹಿಂದಕ್ಕೆ ಎಳೆದುಕೊಂಡರು. "ಇರಲಿ ಬಿಡ್ರಿ. ಇಷ್ಟ ವರ್ಷದಾಗ ನಮ್ಮ ಪರವಾಗಿ ಮಾತಾಡಿದ್ದು ಇದೊಂದ."

ಸರ್ ಬಂದರು

ಕಡೆಗೆ ಸಂಶಿ ಕಡೆಯ ಹೊಲಕ್ಕೆ ಸರ್ ತಾವೇ ಬಂದರು. ಮೈಸೂರು ಕಡೆಯವರು, ಡಾಕ್ಟರೇಟ್ ಮಾಡಿದವರು. ಎಪ್ಪತ್ತರ ಒಬ್ಬ ಆಯಿ ಪಟ್ಟಿ ಕಟ್ಟಿಕೊಂಡು ಜೋಳದ ಕಣಿಕಿಯ, ಅಂದರೆ ಒಣದಂಟಿನ, ಹೊರೆ ಹೊತ್ತು ಹತ್ತು ಸಲ ಓಡಾಡಿದರು. ಪಟ್ಟಿ ಸುಮ್ಮನಿತ್ತು.

"ಕೆಟ್ಟಿದೆ ಇದು," ಎಂದು ಸರ್ ಮುಖ ಸಣ್ಣದು ಮಾಡಿದರು. ನಂಬಿಕೆ ಬಾರದೆ ಪಟ್ಟಿಯನ್ನು ತಮ್ಮ ತೋಳಿಗೇ ಕಟ್ಟಿಕೊಂಡು, "ಹೊರೆ ನನ್ನ ತಲೆ ಮೇಲಿಡಿ" ಎಂದರು. ಇಬ್ಬರು ಎತ್ತಿ ಇಟ್ಟರು. ಎರೆ ಮಣ್ಣಿನಲ್ಲಿ ಎಂಟು ಹೆಜ್ಜೆ ಹಾಕುವಷ್ಟರಲ್ಲಿ ಪಟ್ಟಿ ಕುಂಯ್ ಕುಂಯ್ ಎಂದು ಹುಯ್ಯಲಿಟ್ಟಿತು. ಒಂಬತ್ತನೆಯದಕ್ಕೆ ಹೊರೆ ಮೇಲೆ, ಸರ್ ಕೆಳಗೆ.

ಕಣಿಕಿಯ ಅಡಿಯಿಂದ ಸಂತೋಷದ ದನಿ ಬಂತು: "ಕೂಗ್ತಿದೆ! ಸರಿಯಾಗಿದೆ! ಬರ್ಕೊಳ್ಳಿ, ಬರ್ಕೊಳ್ಳಿ!"

ಆಯಿ ಗಾಬರಿಯಾದರು. "ಪಾಪ, ಬಿಸಿಲು ತಲಿಗೇರೈತಿ!" ಎಂದವರೇ ಹೊರೆ ಸರಿಸಿ, ಕುಡಿಯುವ ನೀರಿನ ಕೊಡವನ್ನು ಸರ್ ನೆತ್ತಿಯ ಮೇಲೆ ಬೋರಲು ಹಾಕಿದರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡು, ಪಟ್ಟಿ ಸರಿಯಾಗಿದೆ ಎಂದು ಬರೆದುಕೊಂಡೆ.

ಆಯಿ ಅದೇ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು, ತೊಯ್ದು ಕೂತ ಸರ್ ಮುಂದೆ ನಿಂತು ಕನಿಕರದಿಂದ ಹೇಳಿದರು: "ತಮ್ಮಾ, ಈ ಕೆಲಸ ನಿನ್ನ ಕೈಲೆ ಆಗೂದಿಲ್ಲ. ನಾಕ ಅಕ್ಷರಾ ಕಲತು ಎಲ್ಲ್ಯರ ಒಂದ್ ನೌಕರಿ ಹಿಡಿ."